ಅನಪೇಕ್ಷಿತ ಇಮೇಲ್ ಮತ್ತು ‘ಅನ್‌ಸಬ್‌ಸ್ಕ್ರೈಬ್’ ವ್ಯವಸ್ಥೆ

ಸ್ಪ್ಯಾಮ್ ಎಂದರೇನು?

ಪಡೆಯುವವರ ಒಪ್ಪಿಗೆಯಿಲ್ಲದೆ ಒಂದೇ ಸಂದೇಶವನ್ನು ಅಸಂಖ್ಯ ವಿಳಾಸಗಳಿಗೆ ರವಾನಿಸುವುದೇ ಸ್ಪ್ಯಾಮ್. ಇದರ ಮೊದಲ ನಿದರ್ಶನವೆಂದು ಸಾಮಾನ್ಯವಾಗಿ ಗುರುತಿಸುವುದು 1978ರ ಮೇ ತಿಂಗಳಿನ ಒಂದು ಪತ್ರವನ್ನು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥ್ಯೂರ್ಕ್ ಅವರು ಹೊಸ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಬರುವಂತೆ ಇಂಟರ್ನೆಟ್‌ನ ಪೂರ್ವರೂಪವಾದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಅದನ್ನು ಕಳುಹಿಸಿದ್ದರು. ವಿಳಾಸಗಳಿಗೆ ಮೀಸಲಾದ ಜಾಗ ಸಾಲದೆ, ಉಳಿದವು ಪತ್ರದ ಒಡಲಿಗೇ ಹರಿದಿದ್ದವು. ಅಂಚೆಯಲ್ಲಿ ಪ್ರತಿ ಲಕೋಟೆಗೂ ಅಂಚೆಚೀಟಿ ಅಂಟಿಸಬೇಕು. ಇಮೇಲ್‌ನಲ್ಲಿ ಹತ್ತಕ್ಕೂ ಹತ್ತು ಲಕ್ಷಕ್ಕೂ ತಗಲುವ ಖರ್ಚಿನಲ್ಲಿ ಹೆಚ್ಚು ಅಂತರವಿಲ್ಲ. ಪಿಡುಗಿನ ಮೂಲ ಇಲ್ಲಿದೆ.

ಅನ್‌ಸಬ್‌ಸ್ಕ್ರೈಬ್ ಕೆಲಸ ಮಾಡುವ ಬಗೆ

ಜಾಹೀರಾತು ಪತ್ರದ ತಳದಲ್ಲಿ, ಬಹುತೇಕ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ‘ಅನ್‌ಸಬ್‌ಸ್ಕ್ರೈಬ್’ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಕಳುಹಿಸಿದವರ ಪಟ್ಟಿಯಿಂದ ವಿಳಾಸವನ್ನು ತೆಗೆಯುವ ಕೋರಿಕೆ ಹೋಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ದಾರಿಯೂ ಉಂಟು. ಪ್ರತಿ ಇಮೇಲ್‌ಗೂ ಓದುಗರಿಗೆ ತೋರದ ಶಿರೋಭಾಗವಿರುತ್ತದೆ. ಅಲ್ಲಿ ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಸಾಲನ್ನು ಸೇರಿಸುವ ಮಾನದಂಡ 1998ರಲ್ಲಿ ಬಂತು. ಜಿಮೇಲ್‌ನಲ್ಲಿ ಕಳುಹಿಸಿದವರ ಹೆಸರಿನ ಪಕ್ಕ ಕಾಣುವ ಅನ್‌ಸಬ್‌ಸ್ಕ್ರೈಬ್ ಬಟನ್ ಹುಟ್ಟುವುದು ಈ ಸಾಲಿನಿಂದಲೇ. ಆದರೆ ಒಂದು ತೊಡಕಿತ್ತು: ವೈರಸ್ ತಪಾಸಣೆಯ ತಂತ್ರಾಂಶಗಳು ಪತ್ರದ ಕೊಂಡಿಗಳನ್ನು ತಾವೇ ತೆರೆದು ನೋಡುವುದರಿಂದ, ಬೇಕಾದ ಪತ್ರಗಳೂ ನಿಂತುಹೋಗುವ ಅಪಾಯವಿತ್ತು. 2017ರ ‘ಒಂದೇ ಕ್ಲಿಕ್’ ಮಾನದಂಡ ಇದನ್ನು ಬಗೆಹರಿಸಿತು. ಅದರ ಪ್ರಕಾರ ಪುಟವನ್ನು ಬರಿದೇ ತೆರೆದರೆ ಏನೂ ಆಗದು; ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸಿದಾಗ ಮಾತ್ರ ಹೆಸರು ಪಟ್ಟಿಯಿಂದ ಹೋಗುತ್ತದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವ ಜಾಹೀರಾತುದಾರರಿಗೆ ಜಿಮೇಲ್ 2024ರಲ್ಲಿ ಇದನ್ನು ಕಡ್ಡಾಯಗೊಳಿಸಿತು.

ಯಾವುದನ್ನು ಒತ್ತಬೇಕು?

ಅನ್‌ಸಬ್‌ಸ್ಕ್ರೈಬ್ ಎಂಬುದು ಕಳುಹಿಸಿದವರಿಗೆ ಮಾಡುವ ವಿನಂತಿ. ‘ಸ್ಪ್ಯಾಮ್’ ಬಟನ್ ಇಮೇಲ್ ಸೇವೆಗೆ ಕೊಡುವ ದೂರು. ಎರಡನ್ನೂ ಒಂದೇ ಎಂದು ಭಾವಿಸಬಾರದು. ಸೀರೆ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಸ್ವತಃ ವಿಳಾಸ ಕೊಟ್ಟಿದ್ದರೆ ವಿನಂತಿಯೇ ಸರಿ. ಅಪರಿಚಿತರು ಲಾಟರಿ ಬಹುಮಾನದ ಆಸೆ ತೋರಿಸಿದ್ದರೆ ದೂರೇ ಸರಿ. ಅಂಥ ಪತ್ರದ ಕೊಂಡಿ ಒತ್ತಿದರೆ ‘ಈ ವಿಳಾಸದಲ್ಲಿ ಓದುವವರಿದ್ದಾರೆ’ ಎಂಬ ಸುಳಿವು ವಂಚಕರಿಗೆ ಸಿಗುತ್ತದೆ. ಪಾಸ್‌ವರ್ಡ್ ಕದಿಯುವ ಪುಟವೂ ತೆರೆದೀತು. ಅನ್‌ಸಬ್‌ಸ್ಕ್ರೈಬ್ ಮಾಡಲು ಪಾಸ್‌ವರ್ಡ್, ಒಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಕಾನೂನಿನ ನೆಲೆ

ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಂತೆ ಅನ್‌ಸಬ್‌ಸ್ಕ್ರೈಬ್ ಕೋರಿಕೆಯನ್ನು 10 ಕೆಲಸದ ದಿನಗಳೊಳಗೆ ಈಡೇರಿಸಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವ ಹಕ್ಕನ್ನು ಹೇಳುತ್ತದೆ. 1909 ಸಂಖ್ಯೆಯಲ್ಲಿ ನೋಂದಾಯಿಸುವ ‘ಡಿಎನ್‌ಡಿ’ (ಡು ನಾಟ್ ಡಿಸ್ಟರ್ಬ್) ಸೌಲಭ್ಯ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಸಂಬಂಧಿಸಿದ್ದು. ಇಮೇಲ್‌ಗೆ ಅದು ಅನ್ವಯಿಸುವುದಿಲ್ಲ.