ಎಲ್ಲೆ ಬದಲಾಗುವ ಬಗೆ

ನಮ್ಮ ಪುತ್ತಿಗೆಯು ಇದ್ದಲ್ಲಿಯೇ ಇದ್ದಿತು, ರಾಜ್ಯವು ಬದಲಾಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು, ಫಜಲ್ ಅಲಿ ಆಯೋಗದ ಶಿಫಾರಸಿನ ಮೇರೆಗೆ, 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸಲ್ಲತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದರೂ ಅದು ಕಾರ್ಯಗತವಾಗಲಿಲ್ಲ.

ಆಯೋಗವು ಕೊಡುವುದು ಸಲಹೆ. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯದ ಎಲ್ಲೆಯನ್ನು ಬದಲಿಸುವ ಅಧಿಕಾರವು ಸಂಸತ್ತಿನದು. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು. ಅದರ ಸಮ್ಮತಿ ಬೇಕಿಲ್ಲ. ಊರ ಜನರನ್ನು ಕೇಳಬೇಕೆಂಬ ಮಾತೇ ಅಲ್ಲಿಲ್ಲ.

ಪಂಚಾಯತಿನ ಎಲ್ಲೆಯ ಕ್ರಮವು ಬೇರೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಪಂಚಾಯತಿನ ಕೋರಿಕೆಯಿಂದಲೋ, ಅದರೊಡನೆ ಸಮಾಲೋಚಿಸಿ ಪ್ರಸ್ತಾವವನ್ನು ಮೊದಲೇ ಪ್ರಕಟಿಸಿಯೋ ಸರಕಾರವು ಅದನ್ನು ಬದಲಿಸಬಹುದು. ದೊಡ್ಡ ಎಲ್ಲೆಗೆ ದೊರೆಯದ ಅವಕಾಶವು ಚಿಕ್ಕ ಎಲ್ಲೆಗಿದೆ. ಅಂತಹ ಪ್ರಕಟಣೆಯನ್ನು ಓದಿ, ಆಕ್ಷೇಪವಿದ್ದರೆ ಸಕಾಲದಲ್ಲಿ ಬರೆದು ತಿಳಿಸುವುದು ಪ್ರತಿಯೊಂದು ಮನೆಯ ಕರ್ತವ್ಯವು.