ಗೊಂಬೆ ಮೊದಲೋ, ನಿಯಮ ಮೊದಲೋ? (ಆಟಿಕೆಗಳ ಇತಿಹಾಸ, ಕಂತು 9)

ಫೋಟೋದಲ್ಲಿರೋದು ಬಿಸ್ಕತ್ತಿನ ಡಬ್ಬಿ. ಆದರೆ ಒಳಗಿರೋದನ್ನ ನೋಡಿ: ಪ್ಲಾಸ್ಟಿಕ್ಕಿನ ಪುಟ್ಟ ತಲೆಗಳು, ಕತ್ತಿ ಹಿಡಿದ ಮುಷ್ಟಿಗಳು, ಒಂದು ಗುರಾಣಿ, ಯಾವುದೋ ಪ್ರಾಣಿಯ ಬಾಲ. ಮೇಜಿನ ಮೇಲೆ ಪುಟ್ಟ ಸೈನ್ಯ ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಲ್ಲಿ ಅಳೆದು ಆಡುವ ವಾರ್‌ಗೇಮ್ ಗೊತ್ತಲ್ವಾ? ಅದನ್ನ ಆಡೋರ ಮನೆಗಳಲ್ಲಿ ಇಂಥ ಡಬ್ಬಿ ಸಾಮಾನ್ಯ. ಹೆಸರು ‘ಬಿಟ್ಸ್ ಬಾಕ್ಸ್’. ಉಳಿದ ಬಿಡಿಭಾಗಗಳನ್ನ ಸೇರಿಸಿ, ಕೊಯ್ದು, ಅಂಟಿಸಿ, ಅಂಗಡಿಯಲ್ಲಿ ಸಿಗದ ಗೊಂಬೆ ಮಾಡ್ಕೊಳ್ಳೋದಕ್ಕೆ ‘ಕನ್ವರ್ಷನ್’ ಅಂತಾರೆ. ಇವತ್ತು ಅದರ ಕಥೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಕೊಂಡು ನಿಧಾನವಾಗಿ ಓದಿ.

🔸 ಮೆತ್ತಗಿನ ಸೈನಿಕರು

1959ರಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಪಾಲಿಥೀನ್‌ನ ಪುಟಾಣಿ ಸೈನಿಕರನ್ನ ಮಾರುಕಟ್ಟೆಗೆ ತಂದಿತು. ಸೀಸದ ಸೈನಿಕರಿಗಿಂತ ಎಷ್ಟೋ ಅಗ್ಗ. ಹುಡುಗರ ಕಿಸೆಯ ಕಾಸಿಗೂ ಒಂದು ಸೈನ್ಯ ಸಿಗೋ ಹಾಗಾಯ್ತು. ತೊಂದರೆ ಏನಂದ್ರೆ, ಕಂಪನಿ ಮಾಡಿದ ಸೈನ್ಯ ಮಾತ್ರ ಸಿಗುತ್ತೆ. ಇತಿಹಾಸದಲ್ಲಿ ಯುದ್ಧ ನೂರಾರು, ಅಂಗಡಿಯಲ್ಲಿ ಪೆಟ್ಟಿಗೆ ಕೆಲವೇ ಕೆಲವು. ಹಾಗಾಗಿ ಒಬ್ಬನ ತಲೆ ಇನ್ನೊಬ್ಬನ ಮೈಗೆ ಬಂತು. ಪಾಲಿಥೀನಿಗೆ ಅಂಟು ಹಿಡಿಯಲ್ಲ, ಬಣ್ಣ ಹಚ್ಚಿದ್ರೆ ಸಿಪ್ಪೆ ಏಳುತ್ತೆ. ಅದಕ್ಕೇ ಕುತ್ತಿಗೆಗೆ ಗುಂಡುಪಿನ್ ಚುಚ್ಚಿ ತಲೆ ಕೂರಿಸ್ತಿದ್ರು. ‘ಏರ್‌ಫಿಕ್ಸ್ ಮ್ಯಾಗಜೀನ್’ ಇಂಥ ಮಾರ್ಪಾಡುಗಳನ್ನ ಹೇಗೆ ಮಾಡೋದು ಅಂತ ಲೇಖನಗಳನ್ನೇ ಹಾಕ್ತಿತ್ತು.

🔸 ಹಾಂಗ್‌ಕಾಂಗ್ ಆಟಿಕೆಯಿಂದ ಹುಟ್ಟಿದ ರಾಕ್ಷಸರು

ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿಗೆ ಬನ್ನಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ‘ಚೈನ್‌ಮೇಲ್’ ಅನ್ನೋ ಮಧ್ಯಯುಗದ ಯುದ್ಧದ ಆಟ ಪ್ರಕಟಿಸಿದ್ರು. ಕೊನೆಯಲ್ಲಿ ಡ್ರ್ಯಾಗನ್, ಮಾಂತ್ರಿಕರಿಗೂ ನಿಯಮ ಸೇರಿಸಿದ್ರು. ಆದರೆ ಡ್ರ್ಯಾಗನ್ ಗೊಂಬೆ ಎಲ್ಲಿಂದ ತರೋದು? ಗೈಗ್ಯಾಕ್ಸ್ ಪ್ಲಾಸ್ಟಿಕ್ ಡೈನೋಸಾರನ್ನೇ ತಿದ್ದಿ ಡ್ರ್ಯಾಗನ್ ಮಾಡ್ಕೊಂಡ್ರು.

ಇನ್ನೂ ಮಜಾ ಇರೋದು ಮುಂದೆ. ಅಗ್ಗದ ಅಂಗಡಿಯೊಂದರಲ್ಲಿ ಅವರಿಗೆ ಹಾಂಗ್‌ಕಾಂಗಿನಲ್ಲಿ ತಯಾರಾದ ವಿಚಿತ್ರ ಪ್ರಾಣಿಗಳು ಸಿಕ್ಕವು. ಯಾವ ಪ್ರಾಣಿ ಅಂತ ಯಾರಿಗೂ ಹೇಳೋಕಾಗಲ್ಲ, ಹಾಗಿದ್ದವು. ಅವನ್ನೇ ನೋಡ್ತಾ ನೋಡ್ತಾ ಕಬ್ಬಿಣ ಕಂಡರೆ ತುಕ್ಕು ಹಿಡಿಸಿ ತಿನ್ನುವ ‘ರಸ್ಟ್ ಮಾನ್‌ಸ್ಟರ್’, ಗೂಬೆ ಮುಖದ ಕರಡಿ ‘ಔಲ್‌ಬೇರ್’ ಹುಟ್ಟಿದವು. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ 1975ರಲ್ಲಿ ಬಂದ ‘ಗ್ರೇಹಾಕ್’ ಪುರವಣಿಯಲ್ಲಿ ಎರಡೂ ಸೇರಿದವು. ಗಮನಿಸಿ: ಇಲ್ಲಿ ಗೊಂಬೆ ಮೊದಲು ಬಂತು, ನಿಯಮ ಆಮೇಲೆ ಬಂತು.

🔸 ಡಿಯೋಡರೆಂಟ್ ಡಬ್ಬಿಯ ಟ್ಯಾಂಕು

1987. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ‘ವಾರ್‌ಹ್ಯಾಮರ್ 40,000’ ತಂದಿತು. ದೂರದ ಭವಿಷ್ಯದ ಯುದ್ಧ. ಪುಸ್ತಕದಲ್ಲಿ ವಾಹನಗಳಿದ್ದವು, ಅವಕ್ಕೆಲ್ಲ ಮಾದರಿಗಳಿರಲಿಲ್ಲ. ನೀವೇ ಮಾಡ್ಕೊಳ್ಳಿ ಅಂತ ಕಂಪನಿಯೇ ಹೇಳ್ತು! ಆ ವರ್ಷಗಳಲ್ಲಿ ಅದು ತನ್ನ ಪುಟಗಳಲ್ಲೇ ಡಿಯೋಡರೆಂಟ್ ಡಬ್ಬಿಯಿಂದ ಹಾರುವ ಟ್ಯಾಂಕ್ ಮಾಡೋದು ಹೇಗೆ ಅಂತ ತೋರಿಸಿತು. ಹಳೇ ಆಟಗಾರರು ಅದನ್ನ ಇವತ್ತಿಗೂ ನಕ್ಕು ನೆನಪಿಸ್ಕೊಳ್ತಾರೆ.

ಅದರ ಬೆನ್ನಲ್ಲೇ ಒಂದು ಪೆಟ್ಟಿಗೆ ಬಂತು: 30 ಪ್ಲಾಸ್ಟಿಕ್ ‘ಸ್ಪೇಸ್ ಮರೀನ್’ ಸೈನಿಕರು. ತಲೆ, ಕೈ, ಬಂದೂಕು ಎಲ್ಲ ಬೇರೆ ಬೇರೆ. ಇದು ಯಾಕೆ ದೊಡ್ಡ ವಿಷಯ ಅಂದ್ರೆ, ಅಲ್ಲಿವರೆಗೆ ಹೆಚ್ಚಿನ ಗೊಂಬೆಗಳು ಲೋಹದವು. ಲೋಹದ ಕೈ ಬದಲಿಸಬೇಕಾದ್ರೆ ಗರಗಸ ಬೇಕು, ತೂತು ಕೊರೆದು ತಂತಿ ಕೂರಿಸಬೇಕು. ಈ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಗಲ್ಲ, ಚಾಕುವಿಗೆ ಬಗ್ಗುತ್ತೆ. ಅದರ ಅಂಟು ಎರಡೂ ಮೈಗಳನ್ನ ಸ್ವಲ್ಪ ಕರಗಿಸಿ ಬೆಸುಗೆ ಹಾಕಿದ ಹಾಗೆ ಒಂದು ಮಾಡುತ್ತೆ. ನಡುವಿನ ಸಂದಿಗೆ ‘ಗ್ರೀನ್ ಸ್ಟಫ್’: ಹಳದಿ, ನೀಲಿ ಎರಡು ಎಪಾಕ್ಸಿ ಪಟ್ಟಿಗಳನ್ನ ನಾದಿದರೆ ಸಿಗುವ ಹಸಿರು ಕಣಕ.

ಬಿಡಿಭಾಗ ಉಳಿಯೋದು ಯಾಕೆ? ಪ್ಲಾಸ್ಟಿಕ್ಕಿಗೆ ಬೇಕಾದ ಲೋಹದ ಅಚ್ಚು ಬಲು ದುಬಾರಿ, ಆದರೆ ಅಚ್ಚಾದ ಮೇಲೆ ಒಂದೊಂದು ಎರಕಕ್ಕೆ ಖರ್ಚು ಕಡಿಮೆ. ಹಾಗಾಗಿ ಅಚ್ಚಿನಲ್ಲಿ ಜಾಗ ಇದ್ದ ಕಡೆಯೆಲ್ಲ ಇನ್ನೊಂದು ತಲೆ, ಇನ್ನೊಂದು ಕೊಡಲಿ ತುಂಬಿಸಿದ್ರು. ಸೈನಿಕನಿಗೆ ಕೈ ಎರಡೇ, ಆಯುಧ ಐದು. ಉಳಿದದ್ದು ಡಬ್ಬಿಗೆ. ಮುಂದೆ ಕಂಪನಿಯೇ ಬಿಡಿಭಾಗಗಳನ್ನ ಬಿಡಿಯಾಗಿ ಅಂಚೆಯಲ್ಲಿ ಮಾರಿತು, ಕೊನೆಗೆ ಅದನ್ನ ನಿಲ್ಲಿಸಿತು. ಆದ್ರೆ ಆಟದಲ್ಲಿ ಒಂದು ಪದ್ಧತಿ ಉಳೀತು: ಸೈನಿಕನ ಕೈಯಲ್ಲಿ ಯಾವ ಆಯುಧ ಕಾಣುತ್ತೋ ಅದೇ ಅವನ ಆಯುಧ. ಹಾಗಾಗಿ ಕೈ ಬದಲಿಸೋದು ಬರೀ ಅಂದಕ್ಕಲ್ಲ, ಆಟಕ್ಕೇ ಬೇಕಿತ್ತು.

🔸 ಭುಜದ ಕವಚ ಕೋರ್ಟಿಗೆ ಹೋಯ್ತು

ಡಬ್ಬಿ ಇದ್ದ ಕಡೆ ವ್ಯಾಪಾರ ಬಾರದೆ ಇರುತ್ತಾ? ಚಾಪ್ಟರ್‌ಹೌಸ್ ಸ್ಟುಡಿಯೋಸ್ ಅನ್ನೋ ಪುಟ್ಟ ಅಮೆರಿಕನ್ ಸಂಸ್ಥೆ ಸ್ಪೇಸ್ ಮರೀನ್‌ಗಳಿಗೆ ಹೊಂದುವ ಭುಜದ ಕವಚ, ತಲೆ ಇತ್ಯಾದಿ ಮಾರತೊಡಗಿತು. ಕಂಪನಿ ನಿಯಮ ಕೊಟ್ಟು ಗೊಂಬೆ ಕೊಡದ ಜೀವಿಗಳಿಗೂ ಭಾಗಗಳನ್ನ ಮಾಡ್ತು. 2010ರ ಡಿಸೆಂಬರಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಅದರ ಮೇಲೆ ಇಲಿನಾಯ್ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. 2013ರ ಜೂನ್‌ನಲ್ಲಿ ಜ್ಯೂರಿ ತೀರ್ಪು ಬಂತು. ಕೆಲವು ವಸ್ತುಗಳ ಹಕ್ಕುಸ್ವಾಮ್ಯದಲ್ಲಿ ದೊಡ್ಡ ಕಂಪನಿ ಗೆದ್ದಿತು, ಕೆಲವದರಲ್ಲಿ ಸೋತಿತು. ಸಿಕ್ಕ ಪರಿಹಾರ 25,000 ಡಾಲರ್. ಮೊಕದ್ದಮೆ ಇದ್ದದ್ದು ಭಾಗ ಮಾಡಿ ಮಾರುವವರ ಮೇಲೆ, ಮನೆಯಲ್ಲಿ ಕೂತು ಗೊಂಬೆ ಕೊಯ್ಯೋರ ಮೇಲಲ್ಲ.

ಆದ್ರೂ ಬಿಸಿ ತಟ್ಟಿದ್ದು ಮನೆಯವರಿಗೇ. ಟೈರನಿಡ್ ಅನ್ನೋ ಕೀಟದಂಥ ಸೈನ್ಯದ 2010ರ ಪುಸ್ತಕದಲ್ಲಿ, ಆಕಾಶದಿಂದ ಸೈನಿಕರನ್ನ ಇಳಿಸುವ ‘ಮೈಸೆಟಿಕ್ ಸ್ಪೋರ್’ ಇತ್ತು. ಕಂಪನಿಯ ಗೊಂಬೆ ಇರಲಿಲ್ಲ, ಆಟಗಾರರೇ ಮಾಡ್ಕೊಂಡಿದ್ರು. 2014ರ ಹೊಸ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ವಾರಗಟ್ಟಲೆ ಕೂತು ಮಾಡಿದ ಗೊಂಬೆಗಳು ಕಪಾಟು ಸೇರಿದವು. ಆಟಗಾರರು ಇದನ್ನ ಕೋರ್ಟಿನ ಕೇಸಿಗೇ ಜೋಡಿಸಿ ಓದಿದ್ರು. ಆಮೇಲಿನ ವರ್ಷಗಳಲ್ಲಿ ಪೆಟ್ಟಿಗೆಯಲ್ಲಿ ಇಲ್ಲದ ಎಷ್ಟೋ ಆಯುಧಗಳು ನಿಯಮದ ಪುಟದಿಂದಲೂ ಹೋದವು.

🔸 ಇಷ್ಟಕ್ಕೂ ಹೋಗಿದ್ದೇನು?

1970ರ ದಶಕದಲ್ಲಿ ಗೊಂಬೆ ನೋಡಿ ನಿಯಮ ಬರೆದ್ರು. 1987ರಲ್ಲಿ ನಿಯಮ ಕೊಟ್ಟು ಗೊಂಬೆ ನೀವೇ ಮಾಡಿ ಅಂದ್ರು. 2014ರ ಹೊತ್ತಿಗೆ ಗೊಂಬೆ ಇಲ್ಲ ಅಂದ್ರೆ ನಿಯಮವೂ ಇಲ್ಲ ಅನ್ನೋ ಹಾಗಾಯ್ತು. ಕಂಪನಿಗೆ ಅದರದ್ದೇ ಲೆಕ್ಕ ಇದೆ: ಖಾಲಿ ಬಿಟ್ಟ ಜಾಗಕ್ಕೆ ಬೇರೆ ವ್ಯಾಪಾರಿ ಬಂದು ಕೂರ್ತಾನೆ. ದುಡ್ಡು ಕೊಟ್ಟು ತಂದ ಗೊಂಬೆಯನ್ನ ಕೊಯ್ಯಬೇಡಿ ಅಂತ ಯಾರೂ ಹೇಳಿಲ್ಲ. ಕಡಿಮೆಯಾಗಿದ್ದು, ಹಾಗೆ ಮಾಡಿದ್ದಕ್ಕೆ ಆಟದ ಮೇಜಿನ ಮೇಲೆ ಇದ್ದ ಜಾಗ. ಔಲ್‌ಬೇರ್ ಹುಟ್ಟಿದ್ದು ಅಂಗಡಿಯಲ್ಲಿ ಸರಿಯಾದ ಗೊಂಬೆ ಸಿಗದೆ ಇದ್ದದ್ದಕ್ಕೆ. ಎಲ್ಲ ಗೊಂಬೆಯೂ ಸಿಗ್ತಿದ್ರೆ ಅದು ಹುಟ್ಟುತ್ತಲೇ ಇರಲಿಲ್ಲ.

ನೀವು ಚಿಕ್ಕವರಿದ್ದಾಗ ಮುರಿದ ಆಟಿಕೆಗಳನ್ನ ಸೇರಿಸಿ ಏನಾದ್ರೂ ಮಾಡಿದ್ರಾ? ಕಾಮೆಂಟಿನಲ್ಲಿ ಬರೀರಿ, ಫೋಟೋ ಇದ್ರೆ ಟ್ಯಾಗ್ ಮಾಡಿ. ಮುಂದಿನ ಕಂತು: ದಾಳದ ಕಥೆ. 🎲

#ಆಟಿಕೆಗಳಇತಿಹಾಸ #ಮಿನಿಯೇಚರ್ #ವಾರ್‌ಗೇಮ್ #ಕನ್ನಡ