ದೂರು ಕೊಟ್ಟವಳ ನೌಕರಿ

ಕೆಲಸದ ಸ್ಥಳದಲ್ಲಿ ಮೇಲಿನವರ ಲೈಂಗಿಕ ಕಿರುಕುಳಕ್ಕೆ ಒಳಗಾದ ಹೆಣ್ಣುಮಗಳ ಪಾಡು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಕಾಟ ನಿಲ್ಲದು; ದೂರು ಕೊಟ್ಟರೆ ಬಡ್ತಿ, ವರ್ಗಾವಣೆ, ಕೊನೆಗೆ ನೌಕರಿಯೇ ಅವರ ಕೈಯಲ್ಲಿ. ಈ ಇಕ್ಕಟ್ಟನ್ನು ನಮ್ಮ ಕಾನೂನು ಅರಿತದ್ದು ತಡವಾಗಿ. ಅದಕ್ಕೆ ಬೆಲೆ ತೆತ್ತವರು ಬಾಯಿಬಿಟ್ಟ ಹೆಂಗಸರೇ.

1988ರ ಜುಲೈನಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಅನುಚಿತವಾಗಿ ವರ್ತಿಸಿದರೆಂದು ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ವಿರುದ್ಧ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ದೂರು ಕೊಟ್ಟರು. ಹೈಕೋರ್ಟ್ ಪ್ರಕರಣವನ್ನೇ ರದ್ದುಪಡಿಸಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮರುಜೀವ ಕೊಟ್ಟಿತು; 1996ರಲ್ಲಿ ಗಿಲ್ ತಪ್ಪಿತಸ್ಥರೆಂದು ತೀರ್ಪಾಯಿತು; ಅದು ಅಂತಿಮವಾಗಿ ಸ್ಥಿರಪಟ್ಟದ್ದು 2005ರಲ್ಲಿ. ಉನ್ನತ ಹುದ್ದೆಯಲ್ಲಿದ್ದವರಿಗೇ ಹದಿನೇಳು ವರ್ಷ ಹಿಡಿಯಿತು.

ಅಧಿಕಾರವಿಲ್ಲದವರ ಗತಿಯೇನು? ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿದ್ದರು. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. ಆ ಕೆಲಸ ಮಾಡಿದ್ದಕ್ಕೇ 1992ರ ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ದೂರು ಕೊಟ್ಟ ಕುಂಬಾರ ಕುಟುಂಬಕ್ಕೆ ಊರು ಬಹಿಷ್ಕಾರ ಹಾಕಿತು. ಅವರ ಮಡಕೆ ಕೊಳ್ಳುವವರು ಇಲ್ಲವಾದರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು.

ಭಂವರಿ ದೇವಿಯ ಮೇಲೆ ನಡೆದ ಅತ್ಯಾಚಾರದ ಬೆನ್ನಲ್ಲೇ, ಈ ತೀರ್ಪಿಗೂ ಮೊದಲೇ, ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದವು. 1997ರ ಆಗಸ್ಟ್ 13ರ 'ವಿಶಾಖಾ' ತೀರ್ಪು ಆ ಹೋರಾಟದ ಫಲ. ದುಡಿಯುವ ಸ್ಥಳದ ಸುರಕ್ಷತೆ ಮಾಲೀಕನ ಹೊಣೆ, ದೂರುದಾರಳನ್ನಾಗಲಿ ಸಾಕ್ಷಿಗಳನ್ನಾಗಲಿ ಪೀಡಿಸಕೂಡದು ಎಂದು ಅದು ವಿಧಿಸಿತು. ಅದು ಶಾಸನವಾಗಿ ಜಾರಿಗೆ ಬಂದದ್ದು ಮಾತ್ರ ಹದಿನಾರು ವರ್ಷಗಳ ನಂತರ, 2013ರ ಡಿಸೆಂಬರ್ 9ರಂದು.

ನೌಕರಿಯ ಭಯಕ್ಕೆ ಈ ಕಾಯಿದೆಯಲ್ಲಿ ಒಂದಿಷ್ಟು ಉತ್ತರವಿದೆ. ವಿಚಾರಣೆ ನಡೆಯುವಾಗ ಮಹಿಳೆ ಕೋರಿದರೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಇಬ್ಬರಲ್ಲಿ ಒಬ್ಬರನ್ನು ವರ್ಗಾಯಿಸಬಹುದು. ಆಪಾದಿತ ಅಧಿಕಾರಿ ಆಕೆಯ ಗೌಪ್ಯ ವರದಿ ಬರೆಯದಂತೆ ತಡೆಯಬಹುದು. ಆರೋಪ ಸಾಬೀತಾಗದ ಮಾತ್ರಕ್ಕೆ ಅದನ್ನು ಸುಳ್ಳು ದೂರು ಎಂದು ಶಿಕ್ಷಿಸುವಂತಿಲ್ಲ. ಆದರೆ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಮಾತ್ರ ಇನ್ನೂ ಮೂರು ತಿಂಗಳು.

ಕಪ್ಪತಗುಡ್ಡದ ಸೆರಗಿನ ಡೋಣಿಯಂಥ ಊರಿನಲ್ಲಿ ಈ ಕಾಯಿದೆಯ ನಿಜವಾದ ಪರೀಕ್ಷೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿ, ಗಿರಣಿಗಳಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಮಾಲೀಕನ ಮೇಲೆಯೇ ದೂರಿದ್ದರೂ, ಮನೆಗೆಲಸದವಳ ದೂರಾದರೂ ಅದು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ, ಎಂದರೆ ಗದಗಿಗೆ. ಒಂದು ದಿನದ ಕೂಲಿ ಬಿಟ್ಟು, ಮನೆಯಲ್ಲಿ ಕಾರಣ ಹೇಳಿ ಬಸ್ಸು ಹತ್ತಬೇಕು. ಮರಳಿ ಬಂದರೆ ಊರಲ್ಲಿ ಕೆಲಸ ಕೊಡುವವರು ನಾಲ್ಕೇ ಮಂದಿ, ಅವರೆಲ್ಲ ಪರಸ್ಪರ ಬಲ್ಲವರು. ದೂರನ್ನು ಪಡೆದು ಜಿಲ್ಲೆಗೆ ಕಳಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾಯಿದೆ ಹೇಳಿದ್ದು ಇದಕ್ಕಾಗಿಯೇ. ಅದು ಹಲವೆಡೆ ಕಾಗದದಲ್ಲೇ ಉಳಿದದ್ದರಿಂದ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಾಕೀತು ಮಾಡಬೇಕಾಯಿತು.

ಹೇಳಬೇಕೋ ಬೇಡವೋ ಎಂಬುದನ್ನು ಹೆಣ್ಣುಮಗಳ ಧೈರ್ಯವೊಂದೇ ನಿರ್ಧರಿಸುವುದಿಲ್ಲ. ಹೇಳಿದ ಮರುದಿನ ಆಕೆಗೆ ಕೆಲಸ ಉಳಿದಿರುತ್ತದೆಯೇ ಎಂಬುದು ಅದನ್ನು ನಿರ್ಧರಿಸುತ್ತದೆ. ಭಂವರಿಯ ಮಡಕೆಗಳು ಮಾರಾಟವಾಗದೆ ಉಳಿದದ್ದನ್ನು ಮರೆತರೆ ಕಾಯಿದೆ ಇದ್ದೂ ಇಲ್ಲದಂತೆ.